ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಐಸ್‌ಕ್ರೀಮ್ ಚಿತ್ರ ಮಾಡಿದರೆ ಮೇಣದ ಉಂಡೆ ಥರ ಕಾಣುತ್ತಿದೆ, ಸಹಾಯ ಮಾಡಿ

ಪಿಕ್ಸೆಲ್‌ಪುಟ್ಟಿ:
ನಮಸ್ಕಾರ. ಮಲ್ಲೇಶ್ವರದ ಒಂದು ಚಿಕ್ಕ ಅಂಗಡಿಯ ಮೆನು ಬೋರ್ಡಿಗೆ ಸೀತಾಫಲ ಐಸ್‌ಕ್ರೀಮ್ ಸ್ಕೂಪ್ ಮಾಡುತ್ತಿದ್ದೇನೆ. ಬ್ಲೆಂಡರ್ 4.2, ಚಿತ್ರ ರೆಂಡರ್ ಮಾಡಲು ಅದರ ಸೈಕಲ್ಸ್ ಎಂಜಿನ್. ಸ್ಕೂಪ್ ನಿಜವಾದ ಅಳತೆಯಲ್ಲೇ ಇದೆ, 6 ಸೆಂ.ಮೀ. ಮೇಲ್ಮೈ ಹೇಗೆ ಕಾಣಬೇಕು ಅಂತ ಹೇಳುವ ಪ್ರಿನ್ಸಿಪಲ್ಡ್ ಶೇಡರಿನಲ್ಲಿ ಸಬ್‌ಸರ್ಫೇಸ್ (ಬೆಳಕು ಒಳಗೆ ಹೊಕ್ಕು ಚದುರುವುದು) ವೇಟ್ 1 ಮಾಡಿದ್ದು ಬಿಟ್ಟರೆ ಬೇರೇನೂ ಮುಟ್ಟಿಲ್ಲ. ಬೆಳಕು ಪೂರ್ತಿ ಒಳಗಿಂದ ಹಾದು ಬರುತ್ತಿದೆ, ಅಂಚಿನಲ್ಲಿ ಕೆಂಪು ಬೇರೆ. ಆಬ್ಜೆಕ್ಟ್ ಕೋಆರ್ಡಿನೇಟ್‌ನಿಂದ ನಾಯ್ಸ್ ಟೆಕ್ಸ್ಚರ್ (ಅಡ್ಡಾದಿಡ್ಡಿ ವಿನ್ಯಾಸ) ತಗೊಂಡು, ಸ್ಕೇಲ್ 5 ಇಟ್ಟು, ಮೇಲ್ಮೈಯನ್ನು ಉಬ್ಬುತಗ್ಗು ಮಾಡುವ ಡಿಸ್‌ಪ್ಲೇಸ್‌ಮೆಂಟಿಗೆ ಕೊಟ್ಟೆ. ಮೈಮೇಲೆ ಕಪ್ಪು ಮಚ್ಚೆ ಬಂತು, ಅಂಚು ಮಾತ್ರ ಗುಂಡಗೇ ಇದೆ. ಅಂಗಡಿಯವರು ನೋಡಿ "ತಿನ್ನೋ ಥರ ಇಲ್ಲ ಮೇಡಂ" ಅಂದರು.

ರೆಂಡರ್‌ರಾಯ:
ಮೇಡಂ, ಎಲ್ಲಾ ಅಳತೆಯದೇ ತೊಂದರೆ. ಸಬ್‌ಸರ್ಫೇಸ್ ಸ್ಕೇಲ್ ಡಿಫಾಲ್ಟ್ 0.05 ಇರುತ್ತೆ. ಬ್ಲೆಂಡರ್ ಮೀಟರಿನಲ್ಲಿ ಎಣಿಸುತ್ತೆ, ಅದಕ್ಕೆ ಇದು 5 ಸೆಂ.ಮೀ. 6 ಸೆಂ.ಮೀ. ಉಂಡೆಯಲ್ಲಿ ಬೆಳಕು 5 ಸೆಂ.ಮೀ. ಒಳಗೆ ಓಡಾಡಿದರೆ ಮೇಣವಾಗದೆ ಇನ್ನೇನಾಗುತ್ತೆ? 0.002 ಇಡಿ. ಅದರ ಪಕ್ಕದ ರೇಡಿಯಸ್ 1.0, 0.2, 0.1 ಅಂತ ಇರುತ್ತಲ್ವಾ, ಅದು ಚರ್ಮಕ್ಕೆ ಹೊಂದುವ ಲೆಕ್ಕ. ಕೆಂಪು ಜಾಸ್ತಿ ದೂರ ಹೋಗುತ್ತೆ, ನಿಮ್ಮ ಕೆಂಪು ಅಂಚು ಬಂದಿದ್ದು ಅಲ್ಲಿಂದಲೇ. 1.0, 0.9, 0.7ರ ಆಸುಪಾಸು ಇಟ್ಟು ನೋಡಿ. ಐಸ್‌ಕ್ರೀಮಿನಲ್ಲಿ ಗಾಳಿಗುಳ್ಳೆ, ಕೊಬ್ಬಿನ ಕಣ, ಮಂಜಿನ ಹರಳು ಒತ್ತೊತ್ತಾಗಿರುತ್ತವೆ. ಬೆಳಕು ಆಳಕ್ಕೆ ಇಳಿಯುವ ಮೊದಲೇ ಚದುರಿ ವಾಪಸ್ ಬರುತ್ತೆ.

ಮಚ್ಚೆಯ ಕಥೆಯೂ ಅದೇ. ಡಿಸ್‌ಪ್ಲೇಸ್‌ಮೆಂಟ್ ನೋಡ್‌ನ ಸ್ಕೇಲ್ 1.0 ಅಂದರೆ ಒಂದು ಮೀಟರ್! 0.004 ಮಾಡಿ. ನಾಯ್ಸ್ ಸ್ಕೇಲ್ 5 ಇದ್ದರೆ ನಿಮ್ಮ ಸ್ಕೂಪಿಗೆ ಒಂದು ಉಬ್ಬೂ ಪೂರ್ತಿ ಬೀಳಲ್ಲ, 150ರ ಹತ್ತಿರ ಹೋಗಿ. ಇದಾದ ಮೇಲೆ ಮೆಟೀರಿಯಲ್ ಸೆಟ್ಟಿಂಗ್ಸ್‌ನಲ್ಲಿ "ಬಂಪ್ ಓನ್ಲಿ" ತೆಗೆದು "ಡಿಸ್‌ಪ್ಲೇಸ್‌ಮೆಂಟ್ ಅಂಡ್ ಬಂಪ್" ಹಾಕಿ. ಬರೀ ಬಂಪ್ ಇದ್ದಾಗ ನೆರಳು ಬದಲಾಗುತ್ತೆ, ಆಕಾರ ಅಲ್ಲಾಡಲ್ಲ. ಮೆಶ್ (ಆಕಾರದ ಜಾಲ) ಚೆನ್ನಾಗಿ ಸಬ್‌ಡಿವೈಡ್ ಆಗಿ ಸಣ್ಣ ಸಣ್ಣ ತುಂಡಾಗಿರಲಿ. ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಇಲ್ಲದಿದ್ದರೆ ನಾನು ಹೇಳಿದ ನಂಬರ್ ಯಾವುದೂ ತಾಳೆಯಾಗಲ್ಲ.

ಬಸವನಗುಡಿ_ಬಿಟ್ಸ್:
ರಾಯರು ಹೇಳಿದ್ದು ಸರಿ, ಆದರೆ ಶೇಡರಿನಿಂದ ಅರ್ಧ ಕೆಲಸ ಮಾತ್ರ ಆಗುತ್ತೆ. ಸ್ಕೂಪ್ ಯಾವತ್ತೂ ಗುಂಡಗಿರಲ್ಲ. ಚಮಚ ಎಳೆದ ದಿಕ್ಕಿಗೆ ಉದ್ದುದ್ದ ಗೀರು ಇರುತ್ತೆ, ಬುಡದಲ್ಲಿ ಹರಿದ ಲಂಗದ ಥರ ಅಂಚು ಹೊರಗೆ ಚಾಚಿರುತ್ತೆ. ಬುಡವನ್ನು ಸ್ಕಲ್ಪ್ಟ್ ಮೋಡಿನಲ್ಲಿ, ಜೇಡಿಮಣ್ಣು ತಿದ್ದಿದ ಹಾಗೆ, ಕೈಯಲ್ಲೇ ಮಾಡಿ. ಗೀರಿಗೆ ಮ್ಯಾಪಿಂಗ್ ನೋಡ್‌ನಲ್ಲಿ ಒಂದೇ ದಿಕ್ಕಿಗೆ ನಾಯ್ಸ್ ಎಳೆಯಿರಿ.

ಇನ್ನೊಂದು ಮಾತು. ಜಾಹೀರಾತಿನ ಫೋಟೋ ನೋಡಿಕೊಂಡು ಮಾಡಬೇಡಿ. ಸ್ಟುಡಿಯೋ ಲೈಟಿನ ಕೆಳಗೆ ಕರಗಬಾರದು ಅಂತ ಡಾಲ್ಡಾ ಥರದ ಕೊಬ್ಬಿಗೆ ಸಕ್ಕರೆ ಪುಡಿ ಕಲಸಿ ಸ್ಕೂಪ್ ಮಾಡುವುದು ಆ ಕಸುಬಿನಲ್ಲಿ ಹಳೇ ರೂಢಿ. ಅದನ್ನು ಕಾಪಿ ಮಾಡಿದರೆ ನಿಮಗೂ ಡಾಲ್ಡಾನೇ ಸಿಗುತ್ತೆ. ಅದೇ ಅಂಗಡಿಯಲ್ಲಿ ಒಂದು ಕಪ್ ತಗೊಂಡು ಕಿಟಕಿ ಹತ್ತಿರ ಇಟ್ಟು ಮೊಬೈಲಿನಲ್ಲಿ ಹೊಡೆಯಿರಿ. ಆಮೇಲೆ ತಿನ್ನಿ, ಸುಮ್ನೆ ವೇಸ್ಟ್ ಯಾಕೆ.

ಪಿಕ್ಸೆಲ್‌ಪುಟ್ಟಿ:
ಸೂಪರ್ ಸರ್! ಕೆಂಪು ಹೋಯ್ತು, ಉಬ್ಬುತಗ್ಗು ಬಂತು. ಇನ್ನೆರಡು ಡೌಟ್. ಪೂರ್ತಿ ಒಣಗಿದಂತೆ ಕಾಣುತ್ತಿದೆ, ಬುಡ ಸ್ವಲ್ಪ ಕರಗಿದಂತೆ ಇರಬೇಕು. ಮತ್ತೆ, ಸೀತಾಫಲ ಅಂತ ಗೊತ್ತಾಗಲು ಕಪ್ಪು ಬೀಜ ಹಾಕಲಾ?

ರೆಂಡರ್‌ರಾಯ:
ರಫ್‌ನೆಸ್ (ಕಮ್ಮಿಯಾದಷ್ಟೂ ಹೊಳಪು ಜಾಸ್ತಿ) ಎಲ್ಲಾ ಕಡೆ ಒಂದೇ ಇಟ್ಟಿದ್ದೀರಿ ಅನಿಸುತ್ತೆ. ಗಟ್ಟಿ ಇರುವ ಕಡೆ 0.55, ಕರಗಿದ ಕಡೆ 0.15 ಇರಲಿ. ಆಬ್ಜೆಕ್ಟ್ ಕೋಆರ್ಡಿನೇಟ್‌ನ ಝಡ್ (ಎತ್ತರ) ತಗೊಂಡು, ಅದಕ್ಕೆ ಚೂರು ನಾಯ್ಸ್ ಕೂಡಿಸಿ, ಅಂಕಿಗಳನ್ನು ಬೇಕಾದ ಮಿತಿಗೆ ಬದಲಿಸುವ ಮ್ಯಾಪ್ ರೇಂಜ್ ನೋಡ್ ಮೂಲಕ ರಫ್‌ನೆಸ್‌ಗೆ ಕೊಡಿ. ನಾಯ್ಸ್ ಇಲ್ಲದಿದ್ದರೆ ಗೆರೆ ಎಳೆದಂತೆ ಕಾಣುತ್ತೆ. ಎಲ್ಲಿ ಗಟ್ಟಿ, ಎಲ್ಲಿ ಕರಗಿದ್ದು ಅಂತ ಬೇರ್ಪಡಿಸುವ ಅದೇ ಮಾಸ್ಕಿನಿಂದ ಬುಡದಲ್ಲಿ ಡಿಸ್‌ಪ್ಲೇಸ್‌ಮೆಂಟೂ ಕಮ್ಮಿ ಮಾಡಿ, ಕರಗಿದ ಜಾಗ ನುಣ್ಣಗಿರುತ್ತಲ್ವಾ. ಬೇಸ್ ಕಲರ್ ಪೂರ್ತಿ ಬಿಳಿ ಬೇಡ, 0.8 ಸಾಕು. ಲೈಟ್ ಒಂದು ಹಿಂದಿನಿಂದ ಓರೆಯಾಗಿ ಬರಲಿ. ಎದುರಿಗೆ ಇಟ್ಟರೆ ಇಷ್ಟೆಲ್ಲಾ ಮಾಡಿದ್ದು ಕಾಣಲ್ಲ.

ಬಸವನಗುಡಿ_ಬಿಟ್ಸ್:
ಬೀಜ ಖಂಡಿತ ಬೇಡ. ದುಡ್ಡು ಕೊಟ್ಟು ಬೀಜ ಉಗುಳಲು ಯಾರು ಬರುತ್ತಾರೆ? ತಿರುಳಿನ ಚೂರುಗಳನ್ನು ಬೇರೆ ಮೆಶ್ ಮಾಡಿ ಅರ್ಧ ಹುದುಗಿಸಿ, ಅವುಗಳ ರಫ್‌ನೆಸ್ ಇನ್ನೂ ಕಮ್ಮಿ ಇಡಿ. ಬೀಜ ತೋರಿಸಲೇಬೇಕು ಅಂದರೆ ಪಕ್ಕದಲ್ಲಿ ಒಡೆದ ಹಣ್ಣು ಇಡಿ.