ಫ್ಯೂಚುರಾಮಾ ಪ್ರಮೇಯ: ಹೊಸಬರು ಒಬ್ಬರೇ ಯಾಕೆ ಸಾಲಲ್ಲ?

ಗಣಿತ ಟೀಚರ್, ತುಮಕೂರು:
ನಮಸ್ಕಾರ. ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತೀನಿ. ಮಗ ಫ್ಯೂಚುರಾಮಾ ಕಾರ್ಟೂನಿನ 2010ರ ಒಂದು ಕಂತು ತೋರಿಸಿದ. ಇಬ್ಬರ ಮನಸ್ಸು ಅದಲುಬದಲು ಮಾಡೋ ಯಂತ್ರ ಇರುತ್ತೆ, ಆದರೆ ಒಂದು ಸಲ ಕೂತ ಜೋಡಿ ಮತ್ತೆ ಕೂತರೆ ನಡೆಯಲ್ಲ. ಎಲ್ಲರೂ ಕಲಸುಮೇಲೋಗರ ಆದಾಗ, ಯಂತ್ರದಲ್ಲಿ ಇನ್ನೂ ಕೂರದ ಹೊಸಬರು ಇಬ್ಬರಿದ್ದರೆ ಎಷ್ಟೇ ಜನರನ್ನಾದರೂ ಸರಿಮಾಡಬಹುದು ಅಂತ ಬೋರ್ಡ್ ಮೇಲೆ ಸಾಧನೆ (ಗಣಿತದ ಪುರಾವೆ) ಬರೀತಾರೆ.

ಮಾರನೇ ದಿನ ಒಂಬತ್ತನೇ ಕ್ಲಾಸಲ್ಲಿ ನಾಲ್ಕು ಜಾಮೆಟ್ರಿ ಬಾಕ್ಸ್ ಇಟ್ಟು, ಒಳಗೆ ಹೆಸರಿನ ಚೀಟಿ ಹಾಕಿಸಿದೆ. ಡಬ್ಬಿ ಅಂದ್ರೆ ದೇಹ, ಚೀಟಿ ಅಂದ್ರೆ ಮನಸ್ಸು. ರಂಗ, ಗಿರಿ ಚೀಟಿ ಅದಲುಬದಲಾಗಿವೆ. ಶಿವು, ಮಂಜು ಹೊಸಬರು. ಶಿವು–ರಂಗ, ಮಂಜು–ಗಿರಿ, ಶಿವು–ಗಿರಿ, ಮಂಜು–ರಂಗ, ಕೊನೆಗೆ ಶಿವು–ಮಂಜು. ಐದನೇ ಬದಲಿಗೆ ಎಲ್ಲ ಚೀಟಿ ಅವರವರ ಡಬ್ಬಿಗೆ! ಮಕ್ಕಳು ಚಪ್ಪಾಳೆ ಹೊಡೆದ್ರು. ಆಗ ಹಿಂದಿನ ಬೆಂಚಿನ ಹುಡುಗಿ, "ಮಂಜು ಯಾಕೆ ಮಿಸ್? ಶಿವು ಒಬ್ಬನೇ ಸಾಲಲ್ವಾ?" ಅಂದಳು. ಸಾಲಲ್ಲ ಅಂತ ಗೊತ್ತು, ಅವಳಿಗೆ ಅರ್ಥವಾಗೋ ಹಾಗೆ ಹೇಳೋದು ಹೇಗೆ?

ಕೋಲಾರದಿಂದ:
ಮೇಡಂ, ಆ ಸಾಧನೆ ಅಲಂಕಾರಕ್ಕೆ ಬರೆದದ್ದಲ್ಲ. ಕಂತು ಬರೆದ ಕೆನ್ ಕೀಲರ್ ಹಾರ್ವರ್ಡಿನಲ್ಲಿ ಅನ್ವಯಿಕ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಕಥೆಯ ಗೋಜಲು ಬಿಡಿಸೋಕೆ ಅಂತಲೇ ಪ್ರಮೇಯ ಸಾಧಿಸಿದ್ರು. 1989ರ ಸ್ಟಾರ್ ಟ್ರೆಕ್ ಟಿವಿ ಧಾರಾವಾಹಿಯಲ್ಲಿ ಫರ್ಮಾನ ಕೊನೆಯ ಪ್ರಮೇಯ ಅನ್ನೋ ಹಳೇ ಗಣಿತದ ಸಮಸ್ಯೆ 24ನೇ ಶತಮಾನದಲ್ಲೂ ಬಿಡಿಸಲಾಗದೆ ಉಳಿದಿರುತ್ತೆ. ಆದರೆ ಅದಕ್ಕೆ ಗಣಿತಜ್ಞ ಆಂಡ್ರೂ ವೈಲ್ಸ್ ಕೊಟ್ಟ ಸಾಧನೆ 1995ರಲ್ಲೇ ಅಚ್ಚಾಗಿ, ಕಥೆಯ ಮಾತು ಸುಳ್ಳಾಯಿತು! ಕೀಲರ್ ಬರೆದದ್ದು ಸಾಧಿಸಿದ ಪ್ರಮೇಯ, ಅದಕ್ಕೆ ಆ ಗತಿ ಬರಲ್ಲ.

ಚಿಂತಾಮಣಿಯಿಂದ:
ಶಿವು ಚೀಟಿಯ ಹಿಂದೆಯೇ ಹೋಗಿ ಮೇಡಂ. ರಂಗ–ಗಿರಿ ಆಗಲೇ ಮುಗಿದಿದೆ. ಉಳಿದದ್ದು ಶಿವು–ರಂಗ, ಶಿವು–ಗಿರಿ, ಎರಡೇ. ಮೊದಲು ಶಿವು–ರಂಗ ಮಾಡಿದರೆ ಶಿವು ಚೀಟಿ ರಂಗನ ಡಬ್ಬಿ ಸೇರುತ್ತೆ. ಆಮೇಲೆ ಶಿವು–ಗಿರಿ ಮಾಡುವಾಗ ರಂಗನ ಡಬ್ಬಿ ಯಾರೂ ಮುಟ್ಟಲ್ಲ. ಚೀಟಿ ಅಲ್ಲೇ ಸಿಕ್ಕಿಕೊಳ್ತು. ಗಿರಿಯಿಂದ ಶುರು ಮಾಡಿದರೂ ಅದೇ.

ಗಣಿತ ಟೀಚರ್, ತುಮಕೂರು:
ತುಂಬಾ ಧನ್ಯವಾದ ಸರ್. ಇವತ್ತು ಬೋರ್ಡ್ ಮೇಲೆ ದತ್ತ, ಸಾಧನೀಯ, ಸಾಧನೆ ಅಂತ ಬರೆದು ನಿಮ್ಮ ಮಾತನ್ನೇ ಹೇಳಿದೆ. ಮುಗಿಸೋಕೆ ಮುಂಚೆ ಅದೇ ಹುಡುಗಿ ಎದ್ದು ನಿಂತಳು: "ಹತ್ತು ಜನ ಇದ್ದು, ಅವರವರೊಳಗೆ ಎಲ್ಲ ಜೋಡಿನೂ ಮುಗಿದಿದ್ದರೆ ಆಗಲೂ ಆಗಲ್ಲ ಮಿಸ್. ಶಿವು ಚೀಟಿ ಮೊದಲು ಹೋದ ಡಬ್ಬೀಲೇ ಉಳಿಯುತ್ತೆ." ಚಾಕ್‌ಪೀಸ್ ಅವಳ ಕೈಗೆ ಕೊಟ್ಟು ನಾನು ಬೆಂಚಿನ ಮೇಲೆ ಕೂತೆ.