ಡೇಟಾ ಲಿಂಕ್ ಆನ್ ಮಾಡಿದ ಕೂಡಲೇ ಕ್ವಾಂಟಮ್ ಕೀ ನಿಂತುಹೋಗುತ್ತದೆ (ಒಂದೇ ಫೈಬರ್, 20 ಕಿ.ಮೀ.)

ಲ್ಯಾಬ್‌ಹುಡುಗಿ:
ನಮ್ಮ ಲ್ಯಾಬಿನಲ್ಲಿ ಕ್ಯೂಕೆಡಿ ಕಿಟ್ (ಒಂಟಿ ಫೋಟಾನ್, ಅಂದರೆ ಬೆಳಕಿನ ಕಣ, ಕಳಿಸಿ ಎರಡೂ ತುದಿಗೆ ಗುಟ್ಟಿನ ಕೀ ಹಂಚುವ ಸಾಧನ) ಇದೆ. 20 ಕಿ.ಮೀ. ಫೈಬರ್ ಸುರುಳಿಯಲ್ಲಿ ಅದೊಂದನ್ನೇ ಓಡಿಸಿದರೆ ದೋಷದ ಪ್ರಮಾಣ 3%, ಕೀ ಆರಾಮಾಗಿ ಬರುತ್ತದೆ. ಅದೇ ಫೈಬರಿಗೆ ಮಕ್ಸ್ (ಬೇರೆ ಬೇರೆ ತರಂಗಾಂತರದ ಬೆಳಕನ್ನು ಒಂದೇ ಫೈಬರಿಗೆ ಸೇರಿಸುವ ಸಾಧನ) ಹಾಕಿ ಮಾಮೂಲಿ ಈಥರ್ನೆಟ್ ಸೇರಿಸಿದೆ. ದೋಷ 27%ಕ್ಕೆ ಹಾರಿತು, ಕೀ ಬಂದ್! ಎರಡೂ 1550 ನ್ಯಾನೋಮೀಟರ್ ಆಸುಪಾಸಿನಲ್ಲೇ, ಅಕ್ಕಪಕ್ಕದ ಚಾನೆಲ್. ಕಿಟ್ ಕೆಟ್ಟಿದೆಯಾ?

ಸ್ಪ್ಲೈಸ್‌ಮಾಮ:
ಕಿಟ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಎಸ್‌ಎಫ್‌ಪಿ (ಈಥರ್ನೆಟ್ ಡೇಟಾವನ್ನು ಬೆಳಕಾಗಿ ಕಳಿಸುವ ಮಾಡ್ಯೂಲ್) ಯಾವುದು? ಮಧ್ಯೆ ಆಂಪ್ಲಿಫೈಯರ್ ಏನಾದರೂ ಇದೆಯಾ? ಇದ್ದರೆ ಮೊದಲು ಕಿತ್ತುಹಾಕಿ. ಒಂಟಿ ಫೋಟಾನನ್ನು ನಕಲು ಮಾಡಲು ಆಗುವುದಿಲ್ಲ, ಅದು ಸೇರಿಸುವುದು ಗದ್ದಲ ಮಾತ್ರ.

ಲ್ಯಾಬ್‌ಹುಡುಗಿ:
ಆಂಪ್ಲಿಫೈಯರ್ ಇಲ್ಲ ಸರ್. ಎಸ್‌ಎಫ್‌ಪಿ 80 ಕಿ.ಮೀ.ದು, ಸ್ಟೋರಿನಲ್ಲಿ ಅದೊಂದೇ ಇತ್ತು. ಪವರ್ +3 ಡಿಬಿಎಂ.

ಸ್ಪ್ಲೈಸ್‌ಮಾಮ:
ಅಲ್ಲೇ ಇದೆ ನೋಡಿ! ಒಂದೇ ಮಿಲಿವ್ಯಾಟ್ ಅಂದರೂ ಸೆಕೆಂಡಿಗೆ ಸುಮಾರು 8ರ ಮುಂದೆ 15 ಸೊನ್ನೆಯಷ್ಟು ಫೋಟಾನ್. ನಿಮ್ಮದು ಅದರ ಎರಡು ಪಟ್ಟು. ಜಾತ್ರೆಯ ಮೈಕ್ ಪಕ್ಕ ನಿಂತು ಪಿಸುಮಾತು ಕೇಳಿದ ಹಾಗೆ. ಗದ್ದಲ ಎಲ್ಲಿಂದ ಅಂತ ಪತ್ತೆ ಮಾಡಿ. ಸುರುಳಿ ತೆಗೆದು, ಅಲ್ಲಿ 1 ಮೀಟರ್ ಪ್ಯಾಚ್ ಕಾರ್ಡ್, ಜೊತೆಗೆ ಸುರುಳಿಯಷ್ಟೇ ಬೆಳಕು ತಗ್ಗಿಸುವ 4 ಡಿಬಿ ಅಟೆನ್ಯುಯೇಟರ್ ಹಾಕಿ. ಆಗಲೂ ದೋಷ ಜಾಸ್ತಿಯೇ ಇದ್ದರೆ ಎರಡು ಚಾನೆಲ್ ಬೇರ್ಪಡಿಸುವ ಫಿಲ್ಟರ್ ಸೋರುತ್ತಿದೆ. ಕಡಿಮೆಯಾದರೆ ಫೈಬರಿನೊಳಗಿನ ರಾಮನ್ ಚದುರುವಿಕೆ (ಡೇಟಾ ಬೆಳಕಿನ ಒಂದಿಷ್ಟು ಗಾಜಿನಲ್ಲಿ ಚದುರಿ, ತರಂಗಾಂತರ ಬದಲಿಸಿ ಕ್ವಾಂಟಮ್ ಚಾನೆಲ್ಲಿಗೆ ನುಗ್ಗುವುದು). ಹೌದು, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದದ್ದೇ!

ಲ್ಯಾಬ್‌ಹುಡುಗಿ:
ಪ್ಯಾಚ್ ಕಾರ್ಡಿನಲ್ಲಿ 3.2%. ಹಾಗಾದರೆ ರಾಮನ್ನೇ.

ಸ್ಪ್ಲೈಸ್‌ಮಾಮ:
ಈ ಗದ್ದಲ ಡೇಟಾ ಪವರಿಗೆ ತಕ್ಕಷ್ಟೇ ಇರುತ್ತದೆ. ಎಸ್‌ಎಫ್‌ಪಿಗೆ 15 ಡಿಬಿ ಅಟೆನ್ಯುಯೇಟರ್ ಹಾಕಿ. 20 ಕಿ.ಮೀ.ಗೆ ಅಷ್ಟು ಬೆಳಕು ಬೇಕಿಲ್ಲ.

ಲ್ಯಾಬ್‌ಹುಡುಗಿ:
ಹಾಕಿದೆ, ಈಗ ಕೀ ಒಂದು ಬಿಟ್ ಕೂಡ ಇಲ್ಲ 😭

ಸ್ಪ್ಲೈಸ್‌ಮಾಮ:
ಮಕ್ಸ್ ಆದ ಮೇಲೆ ಹಾಕಿದಿರಾ? ಅಲ್ಲಿ ಹಾಕಿದರೆ ಕ್ವಾಂಟಮ್ ಸಿಗ್ನಲ್ಲೂ ಸಾಯುತ್ತದೆ. ಎಸ್‌ಎಫ್‌ಪಿಯ ಕಡೆ, ಮಕ್ಸಿಗೆ ಮುಂಚೆ ಹಾಕಿ.

ನಾರುಬೆಳಕು:
ನಡುವೆ ಬಂದೆ, ಕ್ಷಮಿಸಿ. ಮುಂದೆ ಡೇಟಾ ಚಾನೆಲ್ ಜಾಸ್ತಿ ಮಾಡುವುದಿದ್ದರೆ ಕ್ವಾಂಟಮ್ ಸಿಗ್ನಲನ್ನು 1310 ನ್ಯಾನೋಮೀಟರ್ ಕಡೆಗೆ ಒಯ್ಯಿರಿ. ಅಲ್ಲಿ ಕಿ.ಮೀ.ಗೆ ನಷ್ಟ 0.2ರ ಬದಲು 0.35 ಡಿಬಿ, ಆದರೆ ರಾಮನ್ ಗದ್ದಲ ತುಂಬಾ ಕಡಿಮೆ. 2024ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರೇಮ್ ಕುಮಾರ್ ತಂಡ 400 ಗಿಗಾಬಿಟ್ ಡೇಟಾ ಓಡುತ್ತಿದ್ದ 30 ಕಿ.ಮೀ. ಫೈಬರಿನಲ್ಲೇ ಕ್ವಾಂಟಮ್ ಟೆಲಿಪೋರ್ಟೇಶನ್ (ಒಂದು ಫೋಟಾನಿನ ಸ್ಥಿತಿಯನ್ನು ದೂರದ ಇನ್ನೊಂದಕ್ಕೆ ದಾಟಿಸುವುದು) ಮಾಡಿತು. ಕ್ವಾಂಟಮ್ ಸಿಗ್ನಲ್ ಇದ್ದದ್ದು 1290ರಲ್ಲಿ.

ಲ್ಯಾಬ್‌ಹುಡುಗಿ:
ಮಕ್ಸಿಗೆ ಮುಂಚೆ ಹಾಕಿದೆ. 5.1%, ಕೀ ಬರುತ್ತಿದೆ, ಪಿಂಗ್ ಕೂಡ ಒಂದೂ ಬಿಡುತ್ತಿಲ್ಲ. ಥ್ಯಾಂಕ್ಸ್ ಸರ್! 1310 ಲೇಸರ್ ಕೇಳಿದರೆ ಗೈಡ್ ಏನಂತಾರೋ ನೋಡಬೇಕು.