ಯೀಸ್ಟ್‌ನಲ್ಲಿ ಮನುಷ್ಯರ ರಿಸೆಪ್ಟರ್: ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಪಿಎಚ್‌ಡಿ ಮಾಡ್ತಿದ್ದೇನೆ. ಮನುಷ್ಯರ ಒಂದು ಜಿಪಿಸಿಆರ್ ಅನ್ನು, ಅಂದರೆ ಕೋಶದ ಪೊರೆಯಲ್ಲಿ ಕೂತು ಹೊರಗಿನ ಸಂಕೇತ ಹಿಡಿಯುವ ರಿಸೆಪ್ಟರನ್ನು, ಯೀಸ್ಟ್‌ಗೆ ಹಾಕಿದ್ದೇವೆ. ಮೊದಲು ಅದು ಪೊರೆ ತಲುಪದೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಎನ್-ತುದಿಯನ್ನು, ಅಂದರೆ ಪ್ರೋಟೀನ್ ಶುರುವಾಗುವ ತುದಿಯನ್ನು, ಸ್ವಲ್ಪ ಕತ್ತರಿಸಿ, ಪ್ರೋಟೀನನ್ನು ಪೊರೆಯ ದಾರಿಗೆ ಹಚ್ಚುವ ಯೀಸ್ಟ್‌ದೇ ಒಂದು ಲೀಡರ್ ತುಣುಕು ಸೇರಿಸಿದ ಮೇಲೆ ಸರಿಯಾಗಿ ಹೋಗುತ್ತಿದೆ, ಔಷಧ ಹಾಕಿದರೆ ರಿಸೆಪ್ಟರ್ ಅದನ್ನು ಹಿಡಿದ ಗುರುತಾಗಿ ಕೋಶ ನೀಲಿಯಾಗುತ್ತದೆ. ಪೇಟೆಂಟ್ ಸಿಗುತ್ತಾ? ಮುಂದಿನ ತಿಂಗಳು ಒಂದು ಸಮ್ಮೇಳನದಲ್ಲಿ ಇದರ ಪೋಸ್ಟರ್ ತೋರಿಸೋದು ಬೇರೆ ಇದೆ.

ಉತ್ತರ: ಮೊದಲು ಪೋಸ್ಟರ್ ವಿಷಯ. ಅರ್ಜಿ ಹಾಕುವ ತನಕ ತೋರಿಸಬೇಡಿ. ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ರಿಯಾಯಿತಿ ಇದೆ, ಆದರೆ ಅದು ತುಂಬಾ ಕಿರಿದು, ಯುರೋಪಿನಲ್ಲಂತೂ ಅದನ್ನು ನಂಬಿಕೊಂಡು ಕೂರೋ ಹಾಗಿಲ್ಲ. ಪ್ರಾವಿಷನಲ್, ಅಂದರೆ ತಾತ್ಕಾಲಿಕ, ಅರ್ಜಿ ಈಗಲೇ ಹಾಕಬಹುದು, ಪೂರ್ಣ ವಿವರಕ್ಕೆ 12 ತಿಂಗಳು ಸಿಗುತ್ತದೆ.

ಇನ್ನು 'ಯೀಸ್ಟ್‌ನಲ್ಲಿ ರಿಸೆಪ್ಟರ್' ಅನ್ನುವಷ್ಟಕ್ಕೇ ಸಿಗಲ್ಲ. ಅದು ಹಳೆಯದು. 1990ರಲ್ಲೇ ಲೆಫ್ಕೊವಿಟ್ಜ್ ತಂಡದವರು ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್ ಅನ್ನುವ ಜಿಪಿಸಿಆರ್ ಅನ್ನು, ಅದರ ಸಂಕೇತವನ್ನು ಕೋಶದೊಳಗೆ ದಾಟಿಸುವ ಸಸ್ತನಿಯ ಜಿ ಪ್ರೋಟೀನಿನ ಆಲ್ಫಾ ಘಟಕದ ಜೊತೆ ಯೀಸ್ಟ್‌ಗೆ ಹಾಕಿ, ಯೀಸ್ಟ್‌ನ ಕೂಡುವಿಕೆಯ ಸಂಕೇತ ಅದರಿಂದಲೇ ಶುರುವಾಗೋದನ್ನು ತೋರಿಸಿದರು. ಡ್ಯೂಕ್ ವಿಶ್ವವಿದ್ಯಾಲಯ ಅದರ ಮೇಲೆ ಪೇಟೆಂಟನ್ನೂ ಪಡೆಯಿತು. ನಿಮ್ಮದು ಅಂತ ಹೇಳಿಕೊಳ್ಳೋಕೆ ಇರೋದು ಆ ಕತ್ತರಿಸಿದ ತುದಿ ಮತ್ತು ಆ ಲೀಡರ್, ಅಷ್ಟೇ. ಕ್ಲೇಮ್, ಅಂದರೆ ನಿಮ್ಮದೆಂದು ಹಕ್ಕು ಕೇಳುವ ಭಾಗ, ಅದರ ಸುತ್ತಲೇ ಬರೆಸಿ. 'ಎಲ್ಲ ರಿಸೆಪ್ಟರ್‌ಗಳಿಗೂ' ಅಂತ ಬರೆಸೋಕೆ ಹೋಗಬೇಡಿ, ನಿಮ್ಮ ಹತ್ತಿರ ಇರೋ ಡೇಟಾ ಒಂದಕ್ಕೆ ಮಾತ್ರ ಅಲ್ವಾ.

ಲೀಡರ್ ಜೋಡಿಸೋದು ಈ ಕೆಲಸದಲ್ಲಿರುವ ಯಾರಿಗಾದರೂ ಹೊಳೆಯುತ್ತೆ ಅಲ್ವಾ ಅಂತ ಪೇಟೆಂಟ್ ಕಚೇರಿಯ ಎಕ್ಸಾಮಿನರ್ ಕೇಳೇ ಕೇಳ್ತಾರೆ. ಹಾಗಾಗಿ ಲೀಡರ್ ಇಲ್ಲದ್ದು, ಬೇರೆ ಲೀಡರ್ ಇರೋದು, ತುದಿ ಕತ್ತರಿಸದೇ ಇರೋದು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಬೈಂಡಿಂಗ್, ಅಂದರೆ ಔಷಧ ರಿಸೆಪ್ಟರಿಗೆ ಎಷ್ಟು ಅಂಟುತ್ತೆ ಅನ್ನೋದನ್ನು, ಅಳೆದು ಕೊಡಿ. ನಿಮ್ಮ ಅರ್ಜಿ ನಿಲ್ಲೋದೋ ಬೀಳೋದೋ ಈ ಹೋಲಿಕೆಯ ಮೇಲೆ. ಅಮೆರಿಕದಲ್ಲಿ ಸಿಬಿಯಾ ಮತ್ತು ಕೇಡಸ್ ಅನ್ನುವ ಎರಡು ಕಂಪನಿಗಳ ನಡುವಿನ ಕೇಸ್ ನೋಡಿ. ರಿಸೆಪ್ಟರ್ ಮತ್ತು ಸಂಕೇತ ಬಂದದ್ದನ್ನು ತೋರಿಸಿಕೊಡುವ ರಿಪೋರ್ಟರ್ ಜೀನ್ ಇರೋ ಕೋಶಗಳಲ್ಲಿ ಔಷಧ ಪರೀಕ್ಷಿಸುವ ವಿಧಾನದ ಮೇಲೆ ಸಿಬಿಯಾ ಪಡೆದಿದ್ದ ಪೇಟೆಂಟ್ ಅದು. ಜ್ಯೂರಿ 1.85 ಕೋಟಿ ಡಾಲರ್ ಪರಿಹಾರ ಕೊಡಿಸಿತ್ತು. 2000ದಲ್ಲಿ ಮೇಲ್ಮನವಿ ಕೋರ್ಟ್, ಗೊತ್ತಿದ್ದ ಪರೀಕ್ಷೆಗೆ ಗೊತ್ತಿದ್ದ ರಿಸೆಪ್ಟರ್ ಸೇರಿಸಿದ್ದಷ್ಟೇ ಅಂತ ಆ ಪೇಟೆಂಟನ್ನೇ ಅಸಿಂಧು ಮಾಡಿತು.

ಇನ್ನೊಬ್ಬರು: ಜೀವಿಗಳಿಗೆ ನಮ್ಮಲ್ಲಿ ಪೇಟೆಂಟ್ ಇಲ್ಲ ಅಂತಾರಲ್ಲ ಮೇಡಂ?

ಉತ್ತರ: ಕಾಯ್ದೆಯ ಸೆಕ್ಷನ್ 3(ಜೆ) ಗಿಡ, ಪ್ರಾಣಿಗಳನ್ನು ಹೊರಗಿಡುತ್ತದೆ, ಸೂಕ್ಷ್ಮಜೀವಿಗಳನ್ನಲ್ಲ. ಪ್ರಕೃತಿಯಲ್ಲಿ ಇದ್ದ ಹಾಗೇ ಇರೋದಕ್ಕೆ 3(ಸಿ) ಅಡ್ಡ ಬರುತ್ತದೆ. ಇವರು ಯೀಸ್ಟನ್ನು ಬದಲಿಸಿದ್ದಾರೆ, ಆ ತೊಂದರೆ ಇಲ್ಲ. ಬರೀ ಬರಹದಲ್ಲಿ ವಿವರಿಸೋಕೆ ಆಗದಿದ್ದರೆ ಮಾತ್ರ ಆ ತಳಿಯನ್ನು ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿ ಠೇವಣಿ ಇಡಬೇಕು. ನಿಮ್ಮಲ್ಲಿ ಸೀಕ್ವೆನ್ಸ್ ಪೂರ್ತಿ ಇದ್ದರೆ ಬಹುಶಃ ಬೇಡ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಗೈಡ್‌ಗೆ ಇವತ್ತೇ ಹೇಳ್ತೀನಿ.

ಉತ್ತರ: ಹಾಗೇ ನಿಮ್ಮ ಸಂಸ್ಥೆಯ ಪೇಟೆಂಟ್ ವಿಭಾಗಕ್ಕೂ ತಿಳಿಸಿ. ಹಕ್ಕು ಸಂಸ್ಥೆಯದೇ ಇರಬಹುದು, ಆದರೆ ಆ ಲೀಡರ್ ಹೊಳೆದಿದ್ದು ನಿಮಗೇ ಆದರೆ ಆವಿಷ್ಕಾರಕರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲೇಬೇಕು, ಅದನ್ನು ನಾಚಿಕೊಳ್ಳದೆ ಕೇಳಿ.